‘ಗಣಿತ ಬರಲ್ಲ’ ಅಂದರೆ ಎಲ್ಲಿಂದ ಬರಲ್ಲ?

ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿ ಅರ್ಥಶಾಸ್ತ್ರ ಎಂ.ಎ.ಗೆ ಸೇರುವವರಲ್ಲಿ ಮತ್ತೆ ಮತ್ತೆ ಕಾಣುವ ಪ್ರಕರಣ ಇದು. ಗುರುತು ಸಿಗದಂತೆ ವಿವರ ಬದಲಿಸಿದೆ. ಹತ್ತನೇ ತರಗತಿಯ ಮೇಲೆ ಗಣಿತ ಮುಟ್ಟದ ಹುಡುಗಿ, ಮೊದಲ ಸೆಮಿಸ್ಟರಿನಲ್ಲೇ ಕೋರ್ಸ್ ಬಿಡುತ್ತೇನೆಂದು ಆಪ್ತಸಮಾಲೋಚಕಿಯಾದ ನನ್ನ ಬಳಿ ಬಂದಳು. ಇತಿಹಾಸ ಓದುವ ರೂಮ್‌ಮೇಟ್ ಪರೀಕ್ಷೆ ಬರೆದು ನಗುತ್ತಾ ಬರುತ್ತಾಳಂತೆ; ತಲೆ ಇಲ್ಲದಿರುವುದು ತನಗೆ ಮಾತ್ರವಂತೆ.

“ನಂಗೆ ಗಣಿತ ಬರಲ್ಲ ಮೇಡಂ.”

“ಎಲ್ಲಿಂದ ಬರಲ್ಲ? ಒಂದು ಲೆಕ್ಕ ಮಾಡಿ, ನೋಡೋಣ.”

ಎಕ್ಸ್, ವೈ ಎಂಬ ಎರಡು ವಸ್ತುಗಳು. ತುಷ್ಟಿಗುಣ, ಅಂದರೆ ಅವುಗಳಿಂದ ಸಿಗುವ ತೃಪ್ತಿ, ಎಕ್ಸ್ ಗುಣಿಸು ವೈ; ಬೆಲೆ 2 ಮತ್ತು 4 ರೂಪಾಯಿ, ಆದಾಯ 80. ತೃಪ್ತಿ ಅತಿ ಹೆಚ್ಚಾಗಲು ಯಾವುದನ್ನು ಎಷ್ಟು ಕೊಳ್ಳಬೇಕು? ಆದಾಯದ ಮಿತಿಯೊಳಗೆ ಗರಿಷ್ಠ ತೃಪ್ತಿ ಕಂಡುಹಿಡಿಯಲು ಬಳಸುವ, ಲ್ಯಾಮ್ಡಾ ಎಂಬ ಸಹಾಯಕ ಸಂಖ್ಯೆ ಇರುವ ಲಗ್ರಾಂಜ್ ಸಮೀಕರಣ ಸರಿಯಾಗಿ ಬರೆದಳು. ಅವಕಲನವೂ (ಡಿಫರೆನ್ಸಿಯೇಶನ್) ಸರಿ: ವೈ = 2 ಲ್ಯಾಮ್ಡಾ, ಎಕ್ಸ್ = 4 ಲ್ಯಾಮ್ಡಾ. ಮುಂದಿನ ಸಾಲಿನಲ್ಲಿ ಎಕ್ಸ್ ವೈನ ಎರಡರಷ್ಟು ಎನ್ನುವ ಬದಲು ವೈ ಎಕ್ಸ್‌ನ ಎರಡರಷ್ಟು ಎಂದು ತಿರುಗಿಸಿಬಿಟ್ಟಳು. ಉತ್ತರ 8 ಮತ್ತು 16. ಸರಿ ಉತ್ತರ 20 ಮತ್ತು 10. ತಪ್ಪು ಉತ್ತರದಲ್ಲೂ ಖರ್ಚು ಸರಿಯಾಗಿ 80ಕ್ಕೇ ಕೂಡುವುದರಿಂದ ತಾಳೆ ನೋಡಿದರೂ ಸಿಕ್ಕಿಬೀಳುವುದಿಲ್ಲ. ಎರಡೂ ಸಮೀಕರಣದಲ್ಲಿ ಹಾಕಿ ಲ್ಯಾಮ್ಡಾ ಒಂದೇ ಬರುತ್ತದಾ ನೋಡಿ ಅಂದೆ. ಒಂದರಲ್ಲಿ 8, ಇನ್ನೊಂದರಲ್ಲಿ 2.

ಸ್ವಲ್ಪ ಹೊತ್ತು ಹಾಳೆ ನೋಡುತ್ತಾ ಕೂತು, “ಅಂದ್ರೆ ನಂಗೆ ಬರದೇ ಇರೋದು ಎಂ.ಎ. ಲೆಕ್ಕ ಅಲ್ಲ, ಹೈಸ್ಕೂಲಿಂದು!” ಎಂದು ನಕ್ಕಳು.

ಕೊಟ್ಟ ಸಲಹೆ: ಎರಡು ವಾರ, ದಿನಕ್ಕೆ ಐದೇ ಲೆಕ್ಕ. ಬಿಡಿಸುವ ಮೊದಲು ಪಕ್ಕದಲ್ಲಿ ಹತ್ತಕ್ಕೆ ಎಷ್ಟು ನಂಬಿಕೆ ಅಂತ ಅಂಕಿ ಹಾಕಬೇಕು. ತಪ್ಪಾದರೆ ಯಾವ ಸಾಲಿನಲ್ಲಿ ಎಂದು ಗುರುತು ಮಾಡಬೇಕು. ಹೆಚ್ಚಿನವರು ಎಡವುವುದು ಎರಡು ಕಡೆ. ಉತ್ತರ ಇಣುಕಿ ನೋಡಿ ಅಂಕಿ ಹಾಕುತ್ತಾರೆ. ಇಲ್ಲವೇ ಮಾದರಿ ಲೆಕ್ಕ ನೋಡಿದ ತಕ್ಷಣ ಅದೇ ಬಗೆಯದನ್ನು ಬಿಡಿಸುತ್ತಾರೆ, ಅದು ಬರೀ ನೆನಪು. ಮಾದರಿ ನೋಡುವುದಕ್ಕೂ ಬಿಡಿಸುವುದಕ್ಕೂ ನಡುವೆ ಒಂದು ದಿನ ಬಿಡಬೇಕು.

ಲೆಕ್ಕ ಹೇಳಿಕೊಡುವುದು ಆಪ್ತಸಮಾಲೋಚಕರ ಕೆಲಸವೇ ಎಂದು ಕೇಳುವವರಿದ್ದಾರೆ. ‘ಧೈರ್ಯವಾಗಿರಿ, ನಿಮ್ಮ ಕೈಲಾಗುತ್ತೆ’ ಎಂದು ಬೆನ್ನು ತಟ್ಟಿ ಕಳಿಸಿದರೆ ಆ ಧೈರ್ಯ ಮುಂದಿನ ಕಿರುಪರೀಕ್ಷೆಯವರೆಗೂ ಬಾಳುವುದಿಲ್ಲ. ಮಾತಿನ ಹುರಿದುಂಬಿಕೆಗಿಂತ ತಾನೇ ಮಾಡಿ ಗೆದ್ದ ಅನುಭವಕ್ಕೆ ಬಲ ಹೆಚ್ಚೆಂದು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲೇ ಬರೆದಿದ್ದಾರೆ.

ಇನ್ನು ಆ ರೂಮ್‌ಮೇಟ್ ನಗು. ಲೆಕ್ಕದಲ್ಲಿ ಸಿಕ್ಕಿಕೊಂಡದ್ದು ಅಲ್ಲೇ ಗೊತ್ತಾಗುತ್ತದೆ. ಇತಿಹಾಸದಲ್ಲಿ ಪುಟ ತುಂಬಿದರೆ ಚೆನ್ನಾಗಿ ಬರೆದೆ ಅನ್ನಿಸುತ್ತದೆ, ನಿಜ ತಿಳಿಯುವುದು ಫಲಿತಾಂಶದ ದಿನ. ಅಂಥವರಿಗೆ ಸಲಹೆ ಬೇರೆ: ನೋಟ್ಸ್ ಮುಚ್ಚಿಟ್ಟು ಅರ್ಧ ಗಂಟೆಯಲ್ಲಿ ಒಂದು ದೀರ್ಘ ಉತ್ತರ ಬರೆದು, ಪ್ರತಿ ಪ್ಯಾರಾದ ವಾದವೇನು, ಅದಕ್ಕೆ ಆಧಾರವೇನು ಎಂದು ಇನ್ನೊಬ್ಬರಿಂದ ಅಂಚಿನಲ್ಲಿ ಬರೆಸಿ. ಅಂಚು ಖಾಲಿ ಉಳಿದ ಪ್ಯಾರಾಗಳನ್ನು ಮತ್ತೆ ಬರೆಯಿರಿ.