ಹತ್ತೊಂಬತ್ತನೆಯ ದಿನ ಹೊರಬಂದ ನೊಣ

ಹವ್ಯಾಸಕ್ಕೆಂದು ಎರಡು ವರ್ಷಗಳಿಂದ ಒಂದು ಪೆಟ್ಟಿಗೆ ತುಡುವೆ ಜೇನು ಸಾಕುತ್ತಿರುವ ಓದುಗರೊಬ್ಬರ ಪತ್ರ: “ಮೇಣದ ಕೋಶಗಳ ಎರಿಯಲ್ಲಿ ಅಂಗೈಯಗಲದ ಒಂದು ಭಾಗವನ್ನು ಗುರುತು ಮಾಡಿಕೊಂಡು, ಮೊಟ್ಟೆ ಕಂಡ ದಿನದಿಂದ ಪ್ರತಿದಿನವೂ ತೆರೆದು ನೋಡಿ ಬರೆದಿಟ್ಟೆ. ಪುಸ್ತಕಗಳು ಕೆಲಸಗಾರ ನೊಣಕ್ಕೆ 21 ದಿನ ಬೇಕೆನ್ನುತ್ತವೆ. ನನ್ನ ಪೆಟ್ಟಿಗೆಯಲ್ಲಿ 19ನೆಯ ದಿನವೇ ನೊಣಗಳು ಹೊರಬಂದವು. ಎಣಿಕೆ ತಪ್ಪಿತೇ? ಮೊಬೈಲಿನಲ್ಲಿ ಒಂದು ನಿಮಿಷದಲ್ಲಿ ಕಾಣುವುದಕ್ಕೆ ನೊಣಗಳಿಗೇಕೆ ಕಾಟ ಎಂದು ಅಣ್ಣ ನಗುತ್ತಾರೆ. ಅವರ ಮಾತು ಸರಿಯೇ?”

ಸಂಪಾದಕರ ಉತ್ತರ:

ನಿಮ್ಮ ಎಣಿಕೆ ತಪ್ಪಿಲ್ಲ; ತಪ್ಪಿದ್ದು ನಮ್ಮಂಥವರದು. 21 ಎಂಬುದು ಯುರೋಪಿನಿಂದ ಬಂದ ಮೆಲಿಫೆರಾ ಜಾತಿಯ ನೊಣದ ಲೆಕ್ಕ: ಮೂರು ದಿನ ಮೊಟ್ಟೆ, ಸುಮಾರು ಆರು ದಿನ ಬಾಯಿ ತೆರೆದ ಕೋಶದಲ್ಲಿ ಮರಿಹುಳು, ಉಳಿದ ದಿನಗಳು ಮೇಣದ ಮುಚ್ಚಳದೊಳಗೆ. ನಮ್ಮ ನಾಡಿನ ತುಡುವೆಯ ಕೆಲಸಗಾರ ನೊಣ ಸಾಮಾನ್ಯವಾಗಿ 18ರಿಂದ 20 ದಿನಗಳಲ್ಲೇ ಹೊರಬರುತ್ತದೆ. ನಮ್ಮ ಕಚೇರಿಗೆ ಬರುವ ಜೇನಿನ ಲೇಖನಗಳಲ್ಲಿ ಹತ್ತಕ್ಕೆ ಒಂಬತ್ತು, ಯಾವ ನೊಣವೆಂದು ಹೇಳದೆಯೇ, ಈ 21ನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತವೆ. ನಾವೂ ಅದನ್ನು ಹಾಗೆಯೇ ಅಚ್ಚು ಹಾಕಿದ್ದೇವೆ. ಪೆಟ್ಟಿಗೆಯ ಮುಚ್ಚಳ ತೆರೆದು ನೋಡಿದ ಒಬ್ಬ ಲೇಖಕನಿದ್ದಿದ್ದರೂ ಈ ಅಂಕಿ ಇಷ್ಟು ದೂರ ಬರುತ್ತಿರಲಿಲ್ಲ.

ಅಣ್ಣನವರ ಮಾತಿನಲ್ಲಿ ನ್ಯಾಯವಿಲ್ಲವೆಂದಲ್ಲ. ಮುಚ್ಚಳದ ಕೆಳಗೆ ಹುಳು ರೇಷ್ಮೆ ಸುತ್ತಿಕೊಳ್ಳುವುದು, ಬಿಳಿಯಿದ್ದ ಕಣ್ಣು ನಸುಗೆಂಪಾಗಿ ಆಮೇಲೆ ಕಪ್ಪಾಗುವುದು, ಇವನ್ನು ಕೋಶ ಒಡೆಯದೆ ನಾವು ನೋಡಲಾರೆವು. ಅಲ್ಲಿ ವೀಡಿಯೊಗೆ ನಮಸ್ಕಾರ. ಕಾಟದ ಮಾತೂ ನಿಜ. ಮರಿಗಳು ಬೆಳೆಯುವ ಸಂಸಾರ ಕೋಣೆಯನ್ನು ನೊಣಗಳು 35 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕಾಪಾಡಿಕೊಳ್ಳುತ್ತವೆ. ಒಮ್ಮೆ ಮೋಡ ಕವಿದ ತಣ್ಣನೆಯ ಬೆಳಿಗ್ಗೆ, ಮೊಟ್ಟೆ ಕಾಣುವ ಆಸೆಯಿಂದ, ನಾನು ಎರಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದೆ. ಎರಡು ದಿನಗಳ ಮೇಲೆ ಬಾಗಿಲಿನ ಹಲಗೆಯ ಮೇಲೆ ಬಿಳಿಯ ಮರಿಹುಳುಗಳು ಬಿದ್ದಿದ್ದವು; ಕೆಲಸಗಾರ ನೊಣಗಳು ಒಂದೊಂದನ್ನೇ ಎಳೆದು ತಂದು ಕೆಳಗೆ ಬೀಳಿಸುತ್ತಿದ್ದವು. ಪ್ರತಿದಿನ ತೆರೆದೆನೆಂದು ನೀವು ಹೆಮ್ಮೆಯಿಂದ ಬರೆದದ್ದು ಓದಿದಾಗ ಆ ಹಲಗೆಯೇ ನೆನಪಾಯಿತು. ಮೂರು ನಾಲ್ಕು ದಿನಗಳಿಗೊಮ್ಮೆ, ಬೆಚ್ಚಗಿನ ಹೊತ್ತಿನಲ್ಲಿ ತೆರೆದರೆ ಸಾಕು. ಪಾರದರ್ಶಕ ಹಾಳೆಯೊಂದನ್ನು ಎರಿಯ ಚೌಕಟ್ಟಿನ ಮೇಲಿಟ್ಟು ಕೋಶಗಳನ್ನು ಗುರುತು ಹಾಕಿಕೊಂಡರೆ, ಮುಂದಿನ ಸಲ ಅದೇ ಕೋಶ ಹುಡುಕುತ್ತ ಹೊತ್ತು ಕಳೆಯಬೇಕಾಗುವುದಿಲ್ಲ. ಇನ್ನೊಂದು ಸಣ್ಣ ಆಕ್ಷೇಪ: ಮೊಟ್ಟೆ ಕಂಡ ದಿನವನ್ನು ಒಂದೆಂದು ಎಣಿಸಿದಿರೋ ಸೊನ್ನೆಯೆಂದೋ, ಪತ್ರದಲ್ಲಿಲ್ಲ.

ಇಷ್ಟು ಗದರಿದ ಮೇಲೆ ಹೇಳುತ್ತೇನೆ, ನನ್ನ ಮನಸ್ಸು ಪೂರ್ತಿ ನಿಮ್ಮ ಕಡೆಗಿದೆ. ಮೊದಲ ದಿನ ಕೋಶದ ತಳದಲ್ಲಿ ಬಿಳಿ ದಾರದ ತುಂಡಿನಂತೆ ನೆಟ್ಟಗೆ ನಿಂತ ಮೊಟ್ಟೆ ಎರಡನೆಯ ದಿನ ವಾಲುತ್ತದೆ, ಮೂರನೆಯ ದಿನ ಮಲಗುತ್ತದೆ. ಆಮೇಲೆ ಹಾಲಿನಂಥ ರಸದಲ್ಲಿ ತೇಲುವ, ಬಾಗಿದ ಸಣ್ಣ ಹುಳು. ಕೊನೆಗೊಂದು ದಿನ ಮುಚ್ಚಳದ ಅಂಚು ಒಳಗಿನಿಂದ ಹರಿದು, ಎರಡು ಮೀಸೆಗಳು ಹೊರಗೆ ತಡವರಿಸುತ್ತವೆ. ಅಕ್ಕಂದಿರು ಅದರ ತಲೆಯ ಮೇಲೆಯೇ ನಡೆದು ಹೋಗುತ್ತಾರೆ, ಯಾರೂ ನಿಂತು ಕೈಹಿಡಿದು ಎತ್ತುವುದಿಲ್ಲ. ಬೂದು ರೋಮದ, ಇನ್ನೂ ಹಾರಲೂ ಕುಟುಕಲೂ ಬಾರದ ಆ ನೊಣ ಮೊದಲು ತುತ್ತು ಬೇಡುತ್ತದೆ, ಆಮೇಲೆ ಕೋಶ ತೊಳೆಯುವ ಕೆಲಸಕ್ಕೆ ಇಳಿಯುತ್ತದೆ. ಒಂದು ನಿಮಿಷದ ವೀಡಿಯೊದಲ್ಲಿ ಇದೆಲ್ಲ ಇದ್ದೀತು. ಹದಿನಾರನೆಯ ದಿನ ಹೋಗಿ, ಏನೂ ಬದಲಾಗದ ಕಂದು ಮುಚ್ಚಳಗಳನ್ನು ಕಂಡು ಹಿಂದಿರುಗುವುದು ಮಾತ್ರ ಇರುವುದಿಲ್ಲ. ಆ ಹದಿನಾರನೆಯ ದಿನವನ್ನು ಕತ್ತರಿಸಿ ಹಾಕುವುದೇ ಈಗಿನವರಿಗೆ ಜಾಣತನವಾಗಿದೆ.

ಜೇನಿನ ಬಗೆಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಇಂಥ ಕಾಯುವವರಿಂದ ಬಂದದ್ದು. ಜಿನೀವಾದ ಜೇನು ಸಂಶೋಧಕ ಫ್ರಾಂಸ್ವಾ ಹ್ಯೂಬರ್‌ಗೆ ಕಣ್ಣು ಕಾಣುತ್ತಿರಲಿಲ್ಲ. ಅವರ ಪರವಾಗಿ ನೋಡುತ್ತಿದ್ದವರು ಸಹಾಯಕ ಬುರ್ನೆನ್. ರಾಣಿಯಿಲ್ಲದ ಗೂಡಿನಲ್ಲಿ ಮೊಟ್ಟೆ ಇಡುತ್ತಿರುವುದು ಕೆಲಸಗಾರ ನೊಣಗಳೇ, ಅಥವಾ ಗಾತ್ರದಲ್ಲಿ ಸಣ್ಣದಾದ ರಾಣಿ ಎಲ್ಲಾದರೂ ಅಡಗಿದೆಯೇ ಎಂದು ತಿಳಿಯಲು, ಬುರ್ನೆನ್ ಗೂಡಿನ ನೊಣಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ಪರೀಕ್ಷಿಸಿದರು; ಹನ್ನೊಂದು ದಿನ ಹಿಡಿಯಿತು. ಆ ಅವಲೋಕನಗಳು 1792ರಲ್ಲಿ ಪುಸ್ತಕವಾದವು. ಕಳೆದ ಶತಮಾನದಲ್ಲಿ ಜರ್ಮನಿಯ ಜೇನು ವಿಜ್ಞಾನಿ ಮಾರ್ಟಿನ್ ಲಿಂಡಾವರ್ ಒಂದೇ ಒಂದು ಕೆಲಸಗಾರ ನೊಣವನ್ನು ನೂರೆಪ್ಪತ್ತಕ್ಕೂ ಹೆಚ್ಚು ಗಂಟೆಗಳ ಕಾಲ ನೋಡಿದರು. ದುಡಿಮೆಗೆ ಉಪಮೆಯಾದ ಆ ಜೀವಿ ಹೆಚ್ಚಿನ ಹೊತ್ತು ಎರಿಯ ಮೇಲೆ ಅಡ್ಡಾಡುತ್ತ, ಇಲ್ಲವೇ ಸುಮ್ಮನೆ ಕುಳಿತು ಕಳೆಯುತ್ತಿತ್ತು. ಮಕ್ಕಳಿಗೆ ನೊಣವನ್ನು ತೋರಿಸಿ ಸೋಮಾರಿತನ ಬಿಡಿಸುವ ನಮ್ಮ ಪಾಠಗಳು ಈ ಸುದ್ದಿಯನ್ನು ಇನ್ನೂ ಕೇಳಿಲ್ಲ.

ಜೇನು ಸಾಕುವವರನ್ನು ಕಂಡಕೂಡಲೇ “ಎಷ್ಟು ಕಿಲೋ ಬಂತು?” ಎಂದು ಕೇಳುವವರಿದ್ದಾರೆ. ರಾಣಿ ಯಾವ ವಾರ ಮೊಟ್ಟೆ ನಿಲ್ಲಿಸಿತು, ಗಂಡು ನೊಣ ಬೆಳೆಯುವ ಗಂಡು ಕೋಶಗಳನ್ನು ಯಾವಾಗ ಕಟ್ಟಿದವು, ಹಿಂಡು ಪಾಲಾಗುವ ಮುನ್ನ ಏನು ಕಂಡಿತು ಎಂದು ಇಷ್ಟು ವರ್ಷಗಳಲ್ಲಿ ನನ್ನನ್ನು ಯಾರೂ ಕೇಳಿಲ್ಲ. ನಮ್ಮ ಪತ್ರಿಕೆಗೂ ಇಳುವರಿಯ ಕೋಷ್ಟಕಗಳು ಬರುತ್ತವೆಯೇ ಹೊರತು ದಿನಚರಿಯ ಪುಟಗಳು ಬರುವುದಿಲ್ಲ.

ಆದ್ದರಿಂದ ಆ 19 ದಿನಗಳ ಟಿಪ್ಪಣಿಯ ಪ್ರತಿಯನ್ನು, ಸೊನ್ನೆಯೋ ಒಂದೋ ಎಂಬ ವಿವರದೊಡನೆ, ನಮಗೆ ಕಳುಹಿಸಿ. ನಾವು ಅಚ್ಚು ಹಾಕಿದ 21ರ ತಿದ್ದುಪಡಿಯ ಜೊತೆಗೆ ಅದನ್ನು ಪ್ರಕಟಿಸುತ್ತೇವೆ. ಮುಂದಿನ ಸಲ ಗಂಡು ಕೋಶಗಳನ್ನು ಎಣಿಸಿ. ಉಬ್ಬಿದ ಆ ಮುಚ್ಚಳಗಳ ಮೇಣವನ್ನು ನೊಣಗಳು ಕೆರೆದು ತೆಗೆದ ಮೇಲೆ, ತುಡುವೆಯಲ್ಲಾದರೆ ತುದಿಯಲ್ಲಿ ಸೂಜಿಮೊನೆಯಷ್ಟು ರಂಧ್ರ ಕಾಣುತ್ತದೆ, ಮೆಲಿಫೆರಾದಲ್ಲಿ ಅದಿಲ್ಲ. ಅಣ್ಣನವರನ್ನೂ ಕರೆದು ತೋರಿಸಿ, ಬರುವಾಗ ಮೊಬೈಲು ಮನೆಯಲ್ಲೇ ಇರಲಿ.

— ಸಂ.