ಓದುಗರ ಪ್ರಶ್ನೆ: ಫೈರ್‌ವಾಲ್‌ನಲ್ಲಿ ಯಾವ ಪೋರ್ಟ್ ಬಿಡಬೇಕು, ಯಾರಿಗೆ ಬಿಡಬೇಕು?

ಈ ಸಲ ಬಂದ ಪತ್ರಗಳಲ್ಲಿ ಫೈರ್‌ವಾಲ್ ತಕರಾರುಗಳೇ ಜಾಸ್ತಿ. ಫೈರ್‌ವಾಲ್ ಅಂದರೆ ಕಂಪ್ಯೂಟರ್‌ನ ಗೇಟ್ ಕಾಯುವವನು, ಪೋರ್ಟ್ ಅಂದರೆ ಒಂದೊಂದು ಕೆಲಸಕ್ಕೆ ಇರುವ ನಂಬರ್ ಹಾಕಿದ ಬಾಗಿಲು, ರೂಲ್ ಅಂದರೆ ಯಾವ ಬಾಗಿಲು ಯಾರಿಗೆ ಬಿಡಬೇಕು ಅನ್ನುವ ಅಪ್ಪಣೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಬಂದ ಕೆಲವನ್ನು ಒಟ್ಟಿಗೆ ಇಟ್ಟುಕೊಂಡು ಉತ್ತರ ಬರೆದಿದ್ದೇನೆ. ಒಬ್ಬರ ಉತ್ತರ ಇನ್ನೊಬ್ಬರಿಗೂ ಬೇಕಾಗುತ್ತದೆ, ಎಲ್ಲವನ್ನೂ ಓದಿ.

ಪ್ರಶ್ನೆ: ಕಲಬುರಗಿ ಗಂಜ್‌ನಲ್ಲಿ ನಮ್ಮದು ತೊಗರಿ ಬೇಳೆ ವ್ಯಾಪಾರ. ಆಫೀಸಿನಲ್ಲಿ ನಾಲ್ಕು ವಿಂಡೋಸ್ ಕಂಪ್ಯೂಟರ್ ಇವೆ. ಒಂದರಲ್ಲಿ ಟ್ಯಾಲಿ ಡೇಟಾ ಇದೆ, ಉಳಿದ ಮೂರರಿಂದಲೂ ಅದನ್ನೇ ತೆಗೆಯುತ್ತೇವೆ. ಒಂದು ನೆಟ್‌ವರ್ಕ್ ಪ್ರಿಂಟರ್ ಇದೆ. ಒಂದಿನ ಡೇಟಾ ಫೋಲ್ಡರ್ ತೆರೆಯಲಿಲ್ಲ. ರಿಪೇರಿಗೆ ಬಂದ ಹುಡುಗ ಫೈರ್‌ವಾಲ್ ಆಫ್ ಮಾಡಿ ಹೋದ, ಆವತ್ತಿನಿಂದ ಎಲ್ಲಾ ಛಲೋ ನಡೆದಿದೆ. ಆದರೆ ಬಿಸಿಎ ಓದುವ ಮಗಳು "ಹಿಂಗ ಬಿಡಬ್ಯಾಡ ಅಪ್ಪಾ" ಅನ್ನುತ್ತಾಳೆ. ಯಾರ ಮಾತು ಕೇಳಬೇಕ್ರಿ?

ಉತ್ತರ: ಮಗಳ ಮಾತು ಕೇಳಿ ಸರ್. ಇವತ್ತೇ ನಾಲ್ಕೂ ಕಂಪ್ಯೂಟರ್‌ಗಳಲ್ಲಿ ಫೈರ್‌ವಾಲ್ ಆನ್ ಮಾಡಿಸಿ. ಆನ್ ಮಾಡಿದ ಮೇಲೆ ಫೋಲ್ಡರ್ ಮತ್ತೆ ತೆರೆಯದೆ ಹೋಗಬಹುದು, ಅದಕ್ಕೆ ದಾರಿ ಇದೆ.

ಫೈರ್‌ವಾಲ್ ಮುಖ್ಯವಾಗಿ ತಡೆಯುವುದು ಬೇರೆಯವರು ತಾವಾಗಿ ನಿಮ್ಮ ಕಂಪ್ಯೂಟರ್ ಕಡೆ ಬರುವುದನ್ನು. ನೀವು ಹೋಗಿ ಕೇಳಿದ್ದಕ್ಕೆ ಬರುವ ಉತ್ತರವನ್ನು ಅದು ತಡೆಯುವುದಿಲ್ಲ, ಯಾಕೆಂದರೆ ಮಾತು ಶುರು ಮಾಡಿದವರು ಯಾರು ಅನ್ನುವುದನ್ನು ನೆನಪಿಟ್ಟುಕೊಂಡಿರುತ್ತದೆ. ನೀವೇ ಕರೆಸಿದ ಹಮಾಲಿಯನ್ನು ಗೇಟಿನವನು ಯಾಕೆ ತಡೆಯುತ್ತಾನೆ, ಹಾಗೆ. ಆದ್ದರಿಂದ ಬ್ಯಾಂಕ್ ಸೈಟು, ಜಿಎಸ್‌ಟಿ ಪೋರ್ಟಲ್, ಇ-ವೇ ಬಿಲ್, ಮೇಲ್, ಇವು ಯಾವುದಕ್ಕೂ ನೀವು ಹೊಸ ರೂಲ್ ಹಾಕಬೇಕಾಗಿಲ್ಲ. ಪ್ರಿಂಟರ್‌ಗೂ ಬೇಡ. ನೆಟ್‌ವರ್ಕ್ ಪ್ರಿಂಟರ್‌ಗಳು ಸಾಮಾನ್ಯವಾಗಿ 9100 ಪೋರ್ಟಿನಲ್ಲಿ ಕಾಯುತ್ತಿರುತ್ತವೆ, ಕಂಪ್ಯೂಟರೇ ಅಲ್ಲಿಗೆ ಹೋಗಿ ಪ್ರಿಂಟ್ ಕೊಡುತ್ತದೆ. ಆದರೂ ಎಷ್ಟೋ ಆಫೀಸುಗಳಲ್ಲಿ ಪ್ರಿಂಟರ್ ಸಲುವಾಗಿ ಅಂತ ಪ್ರತಿ ಕಂಪ್ಯೂಟರ್‌ನಲ್ಲೂ 9100 ಬಿಟ್ಟಿರುತ್ತಾರೆ, ಸುಮ್ನೆ. ಸ್ಕ್ಯಾನ್ ಮಾಡಿ ನೇರ ನಿಮ್ಮ ಫೋಲ್ಡರ್‌ಗೆ ಕಳಿಸುವ ಮಷಿನ್ ಇದ್ದರೆ ಮಾತ್ರ ಲೆಕ್ಕ ಬೇರೆ, ಆಗ ಬರುವುದು ಅದು.

ಹಾಗಾದರೆ ರೂಲ್ ಬೇಕಾಗಿರುವುದು ಡೇಟಾ ಇರುವ ಒಂದೇ ಒಂದು ಕಂಪ್ಯೂಟರ್‌ಗೆ. ವಿಂಡೋಸ್ ಫೋಲ್ಡರ್ ಹಂಚಿಕೆ ನಡೆಯುವುದು ಟಿಸಿಪಿ 445 ಪೋರ್ಟಿನಲ್ಲಿ (ಟಿಸಿಪಿ, ಯುಡಿಪಿ ಅಂದರೆ ನೆಟ್‌ವರ್ಕ್‌ನಲ್ಲಿ ಡೇಟಾ ಸಾಗಿಸುವ ಎರಡು ರೀತಿ). ಮೊದಲು ಆ ಕಂಪ್ಯೂಟರ್‌ನ ನೆಟ್‌ವರ್ಕ್ ಸೆಟ್ಟಿಂಗ್‌ಗೆ ಹೋಗಿ ಪಬ್ಲಿಕ್ ಅಂತ ಇದೆಯೋ ಪ್ರೈವೇಟ್ ಅಂತ ಇದೆಯೋ ನೋಡಿ. ನನಗನ್ನಿಸುವಂತೆ ನಿಮ್ಮ ತೊಂದರೆಯ ಬೇರು ಇಲ್ಲೇ ಇದೆ. ರೂಟರ್ ಬದಲಾಯಿಸಿದಾಗ ವಿಂಡೋಸ್ ಅದನ್ನು ಹೊಸ ನೆಟ್‌ವರ್ಕ್ ಅಂದುಕೊಂಡು ಪಬ್ಲಿಕ್ ಮಾಡಿಬಿಡುತ್ತದೆ. ಪಬ್ಲಿಕ್ ಅಂದರೆ ಬಸ್ ಸ್ಟ್ಯಾಂಡ್ ವೈಫೈ ಅಂತಲೇ ಅದು ನಡೆದುಕೊಳ್ಳುತ್ತದೆ, ಫೋಲ್ಡರ್ ಹಂಚಿಕೆ ಬಂದ್. ಪ್ರೈವೇಟ್ ಮಾಡಿ, ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್ ರೂಲ್‌ಗಳನ್ನು ಪ್ರೈವೇಟ್‌ಗೆ ಮಾತ್ರ ಆನ್ ಮಾಡಿ. ಆಮೇಲೆ ಸುಧಾರಿತ ಫೈರ್‌ವಾಲ್ ಕಿಟಕಿ ತೆಗೆದು, ಇನ್‌ಬೌಂಡ್ ರೂಲ್ಸ್‌ನಲ್ಲಿ ಆ ರೂಲ್ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಸ್ಕೋಪ್ ಅನ್ನುವ ಟ್ಯಾಬ್ ಸಿಗುತ್ತದೆ. ಅದರಲ್ಲಿ ರಿಮೋಟ್ ಐಪಿ (ಬರುವವರ ನೆಟ್‌ವರ್ಕ್ ವಿಳಾಸ) ಅನ್ನುವ ಕಡೆ ಎನಿ, ಅಂದರೆ ಯಾರಾದರೂ, ಅಂತ ಇದ್ದರೆ ತೆಗೆದು ಲೋಕಲ್ ಸಬ್‌ನೆಟ್, ಅಂದರೆ ನಿಮ್ಮ ಆಫೀಸಿನ ನೆಟ್‌ವರ್ಕ್ ಮಾತ್ರ, ಅಂತ ಆರಿಸಿ. ಇಲ್ಲಿಗೆ ಬಂದು ಜನ ಬಿಟ್ಟುಬಿಡುತ್ತಾರೆ. ಯಾವ ಪೋರ್ಟ್ ಅನ್ನುವುದನ್ನು ಎಲ್ಲರೂ ಬರೆಯುತ್ತಾರೆ, ಯಾರಿಗೆ ಅನ್ನುವುದನ್ನು ಯಾರೂ ಬರೆಯುವುದಿಲ್ಲ. ಎನಿ ಅಂತ ಬಿಟ್ಟರೆ ನಿಮ್ಮ ಮೂರು ಕಂಪ್ಯೂಟರ್‌ಗೂ ಅಷ್ಟೇ ಹಕ್ಕು, ಎಲ್ಲೋ ಕೂತ ಕಳ್ಳನಿಗೂ ಅಷ್ಟೇ ಹಕ್ಕು.

ಟ್ಯಾಲಿಗೆ ಬೇರೆ ಪೋರ್ಟ್ ಬೇಕಾದರೆ ಅದರ ನಂಬರು ಟ್ಯಾಲಿಯ ಸೆಟ್ಟಿಂಗ್‌ನಲ್ಲೇ ಇರುತ್ತದೆ, ನೋಡಿಕೊಂಡು ಅದಕ್ಕೂ ಹೀಗೇ ಲೋಕಲ್ ಸಬ್‌ನೆಟ್‌ಗೆ ಮಾತ್ರ ಬಿಡಿ.

ಇಷ್ಟು ಮಾಡಿಯೂ ಆಗಲಿಲ್ಲ ಅಂದರೆ ಇನ್‌ಬೌಂಡ್ ಪಟ್ಟಿಯಲ್ಲಿ ಕೆಂಪು ಗುರುತಿನ ರೂಲ್ ಇದೆಯಾ ಹುಡುಕಿ. ಹೊಸ ಸಾಫ್ಟ್‌ವೇರ್ ಮೊದಲ ಸಲ ತೆಗೆದಾಗ ಇದನ್ನು ಬಿಡಲಾ ಅಂತ ವಿಂಡೋಸ್ ಒಂದು ಕಿಟಕಿ ತೋರಿಸುತ್ತದಲ್ವಾ, ಅವಸರದಲ್ಲಿ ಯಾರೋ ಕ್ಯಾನ್ಸಲ್ ಒತ್ತಿರುತ್ತಾರೆ. ಕ್ಯಾನ್ಸಲ್ ಅಂದರೆ ಆಮೇಲೆ ನೋಡೋಣ ಅಂತಲ್ಲ. ಆ ಸಾಫ್ಟ್‌ವೇರ್ ಹೆಸರಿನಲ್ಲಿ ಬ್ಲಾಕ್ ರೂಲ್ ಹುಟ್ಟಿಕೊಳ್ಳುತ್ತದೆ, ಟಿಸಿಪಿಗೆ ಒಂದು, ಯುಡಿಪಿಗೆ ಒಂದು. ವಿಂಡೋಸ್‌ನಲ್ಲಿ ನೀವು ಹಾಕಿದ ಅಲೋ ರೂಲ್ ಮತ್ತು ಇಂಥ ಬ್ಲಾಕ್ ರೂಲ್ ಎರಡೂ ಇದ್ದರೆ ಗೆಲ್ಲುವುದು ಬ್ಲಾಕ್. ನೀವು ಅಲೋ ಮೇಲೆ ಅಲೋ ಹಾಕುತ್ತಾ ಕೂತರೂ ಫಲ ಇಲ್ಲ. ಆ ಎರಡನ್ನು ಅಳಿಸಿ.

ಆಫ್ ಇದ್ದರೂ ಏನೂ ಆಗಿಲ್ಲವಲ್ಲ ಅಂತ ನಿಮಗೆ ಅನ್ನಿಸಬಹುದು. 2017ರ ಮೇ 12ರಂದು ವನ್ನಾಕ್ರೈ ಅನ್ನುವ ಮಾಲ್‌ವೇರ್ (ಹಾನಿ ಮಾಡುವ ಸಾಫ್ಟ್‌ವೇರ್) ಹಬ್ಬಿದ್ದು ಇದೇ 445 ಪೋರ್ಟಿನಿಂದ. ಯಾರೂ ಯಾವ ಲಿಂಕೂ ಒತ್ತಬೇಕಾಗಿರಲಿಲ್ಲ, ಒಂದು ಕಂಪ್ಯೂಟರ್‌ಗೆ ಹತ್ತಿದರೆ ಅದೇ ಪಕ್ಕದ್ದನ್ನು ಹುಡುಕಿಕೊಂಡು ಹೋಗಿ ಫೈಲುಗಳಿಗೆ ಬೀಗ ಹಾಕುತ್ತಿತ್ತು. ಅದಕ್ಕೆ ಬೇಕಾದ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಅದೇ ವರ್ಷ ಮಾರ್ಚ್‌ನಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದವರು, ಬಾಗಿಲು ತೆರೆದಿಟ್ಟವರು ಸಿಕ್ಕಿಬಿದ್ದರು, ಬ್ರಿಟನ್‌ನ ಸರ್ಕಾರಿ ಆಸ್ಪತ್ರೆಗಳೂ ಅದರಲ್ಲಿದ್ದವು. ತೊಗರಿ ಸುಗ್ಗಿಯಲ್ಲಿ, ಜನವರಿ ಹೊತ್ತಿಗೆ, ನಿಮ್ಮ ಪೂರ್ತಿ ಲೆಕ್ಕಕ್ಕೆ ಹಾಗೆ ಬೀಗ ಬಿದ್ದರೆ ರೈತರಿಗೆ ಏನು ಹೇಳುತ್ತೀರಿ? ಫೈರ್‌ವಾಲ್ ಜೊತೆ ವಿಂಡೋಸ್ ಅಪ್‌ಡೇಟ್ ಕೂಡ ನಿಲ್ಲಿಸಬೇಡಿ, ಡೇಟಾದ ಒಂದು ಪ್ರತಿ ಬೇರೆ ಡಿಸ್ಕಿಗೆ ತೆಗೆದು, ಆ ಡಿಸ್ಕನ್ನು ಕಂಪ್ಯೂಟರ್‌ನಿಂದ ಬಿಚ್ಚಿ ಇಡಿ.

ಪ್ರಶ್ನೆ: ಬೀದರ್‌ನಲ್ಲಿ ಇಂಜಿನಿಯರಿಂಗ್ ಕೊನೇ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಅಂತ ಬಾಡಿಗೆಗೆ ಉಬುಂಟು ಸರ್ವರ್ ತೆಗೆದುಕೊಂಡೆ. ಅದರ ಫೈರ್‌ವಾಲ್ ಆನ್ ಮಾಡಲು ಯುಎಫ್‌ಡಬ್ಲ್ಯೂ ಎನೇಬಲ್ ಅಂತ ಹೊಡೆದೆ, ಆಮೇಲೆ ಎಸ್‌ಎಸ್‌ಎಚ್‌ನಿಂದ (ದೂರದಿಂದ ಲಾಗಿನ್ ಆಗುವ ದಾರಿ) ಒಳಗೆ ಹೋಗಲು ಆಗುತ್ತಿಲ್ಲ. ಸರ್ವರ್ ಅಳಿಸಿ ಹೊಸದು ಮಾಡಬೇಕಾ ಅಣ್ಣಾ? ವೆಬ್‌ಸೈಟ್, ಡೇಟಾಬೇಸ್ ಎರಡೂ ಹೊರಗಿನಿಂದ ನಡೆಯಬೇಕು.

ಉತ್ತರ: ಅಳಿಸಬೇಡ ತಮ್ಮಾ. ಸರ್ವರ್ ಕೊಟ್ಟವರ ವೆಬ್ ಪುಟದಲ್ಲಿ ಕನ್ಸೋಲ್ ಅಂತ ಒಂದು ದಾರಿ ಸಾಮಾನ್ಯವಾಗಿ ಇರುತ್ತದೆ. ಅದು ಎಸ್‌ಎಸ್‌ಎಚ್ ಮೇಲೆ ನಿಂತಿರುವುದಿಲ್ಲ, ಮಾನಿಟರ್ ಮುಂದೆ ಕೂತ ಹಾಗೆ ಲಾಗಿನ್ ಆಗಬಹುದು. ಅಲ್ಲಿ ಹೋಗಿ 'ಸುಡೊ ಯುಎಫ್‌ಡಬ್ಲ್ಯೂ ಅಲೋ 22/ಟಿಸಿಪಿ' ಕೊಡು, ಎಸ್‌ಎಸ್‌ಎಚ್ ಬರುತ್ತದೆ. ಆಗಿದ್ದು ಇಷ್ಟೇ: ಯುಎಫ್‌ಡಬ್ಲ್ಯೂ ಆನ್ ಆದ ಕೂಡಲೇ ಒಳಬರುವ ಎಲ್ಲವನ್ನೂ ತಡೆ, ಹೊರಹೋಗುವ ಎಲ್ಲವನ್ನೂ ಬಿಡು ಅನ್ನುತ್ತದೆ. ಮೊದಲು 22 ಬಿಟ್ಟು ಆಮೇಲೆ ಎನೇಬಲ್ ಮಾಡಬೇಕಿತ್ತು.

22ನ್ನು ಅಲೋ ಬದಲು 'ಲಿಮಿಟ್' ಮಾಡಿದರೆ ಇನ್ನೂ ಒಳ್ಳೆಯದು. 30 ಸೆಕೆಂಡಿನೊಳಗೆ ಒಂದೇ ಕಡೆಯಿಂದ 6 ಅಥವಾ ಅದಕ್ಕಿಂತ ಜಾಸ್ತಿ ಸಲ ಬಡಿದವರನ್ನು ಅದು ತಡೆಯುತ್ತದೆ. ಇಂಟರ್ನೆಟ್‌ನಲ್ಲಿ ಸರ್ವರ್ ಇಟ್ಟರೆ ಪಾಸ್‌ವರ್ಡ್ ಊಹೆ ಮಾಡುವ ಯಂತ್ರಗಳು ಬಾಗಿಲು ಬಡಿಯುತ್ತಲೇ ಇರುತ್ತವೆ, ಲಾಗ್ ತೆಗೆದು ನೋಡು, ಗೊತ್ತಾಗುತ್ತದೆ. ಪಾಸ್‌ವರ್ಡ್ ಬಿಟ್ಟು ಎಸ್‌ಎಸ್‌ಎಚ್ ಕೀ (ಲಾಗಿನ್‌ಗೆ ಬಳಸುವ ಕೀಲಿ ಫೈಲು) ಬಳಸು.

ವೆಬ್‌ಸೈಟ್‌ಗೆ ಟಿಸಿಪಿ 80 (ಎಚ್‌ಟಿಟಿಪಿ) ಮತ್ತು 443 (ಎಚ್‌ಟಿಟಿಪಿಎಸ್) ಎರಡನ್ನೂ ಬಿಡು. ಈಗ ಎಲ್ಲಾ 443 ತಾನೇ, 80 ಯಾಕೆ ಅಂತ ಮುಚ್ಚಿದರೆ ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಸರ್ಟಿಫಿಕೇಟ್ ನವೀಕರಣ ನಿಂತುಹೋಗಬಹುದು, ಜಾಸ್ತಿ ಜನ ಬಳಸುವ ವಿಧಾನದಲ್ಲಿ ಅವರು ಪರೀಕ್ಷೆ ಮಾಡುವುದು 80ರಲ್ಲೇ. ಬಿಟ್ಟ ಮೇಲೂ ಸೈಟ್ ಬರದಿದ್ದರೆ ಸರ್ವರ್ ಕೊಟ್ಟವರ ಪುಟದಲ್ಲಿ ಸೆಕ್ಯುರಿಟಿ ಗ್ರೂಪ್ ಅಂತಲೋ ಕ್ಲೌಡ್ ಫೈರ್‌ವಾಲ್ ಅಂತಲೋ ಇನ್ನೊಂದು ಇರಬಹುದು, ಅಲ್ಲೂ ಬಿಡಬೇಕು. ಎರಡೂ ಕಡೆ ಹೂಂ ಅಂದರೆ ಮಾತ್ರ ದಾರಿ.

ಡೇಟಾಬೇಸ್ ಹೊರಗಿನಿಂದ ನಡೆಯಬೇಕು ಅಂತ ಬರೆದಿದ್ದೀಯಲ್ಲ, ಅದು ಬೇಡ. ಮೈಎಸ್‌ಕ್ಯೂಎಲ್‌ನ 3306 ಇರಲಿ, ಪೋಸ್ಟ್‌ಗ್ರೆಸ್‌ನ 5432 ಇರಲಿ, ಇಂಟರ್ನೆಟ್‌ಗೆ ಬಿಡುವಂಥದ್ದಲ್ಲ. ಸೈಟ್ ಮತ್ತು ಡೇಟಾಬೇಸ್ ಒಂದೇ ಸರ್ವರ್‌ನಲ್ಲಿದ್ದರೆ ಅವೆರಡೂ ಒಳಗೊಳಗೇ 127.0.0.1ರಲ್ಲಿ, ಅಂದರೆ ಸರ್ವರ್ ತನ್ನನ್ನೇ ಕರೆದುಕೊಳ್ಳುವ ವಿಳಾಸದಲ್ಲಿ, ಮಾತಾಡಿಕೊಳ್ಳುತ್ತವೆ. ನಿನ್ನ ಲ್ಯಾಪ್‌ಟಾಪಿನಿಂದ ನೋಡಬೇಕಾದರೆ ಎಸ್‌ಎಸ್‌ಎಚ್ ಟನಲ್ (ಎಸ್‌ಎಸ್‌ಎಚ್ ಒಳಗಿಂದಲೇ ಹೋಗುವ ದಾರಿ) ಮಾಡಿಕೋ, ಹೊಸ ಪೋರ್ಟೇ ಬೇಕಾಗಿಲ್ಲ.

ಡಾಕರ್ (ಸಾಫ್ಟ್‌ವೇರನ್ನು ಬೇರೆ ಡಬ್ಬಿಯಲ್ಲಿಟ್ಟ ಹಾಗೆ ಓಡಿಸುವ ಸಾಧನ) ಬಳಸುತ್ತಿದ್ದರೆ ಇದನ್ನು ಎರಡು ಸಲ ಓದು. ಡಾಕರ್‌ನಲ್ಲಿ 3306:3306 ಅಂತ ಪೋರ್ಟ್ ಹೊರಗೆ ಕೊಟ್ಟರೆ ಅದು ತಾನೇ ಐಪಿಟೇಬಲ್ಸ್‌ನಲ್ಲಿ (ಲಿನಕ್ಸ್‌ನ ಒಳಗಿನ ಫೈರ್‌ವಾಲ್ ಪಟ್ಟಿ) ರೂಲ್ ಬರೆದುಕೊಳ್ಳುತ್ತದೆ, ಆ ದಾರಿ ಯುಎಫ್‌ಡಬ್ಲ್ಯೂ ಕಾಯುವ ಕಡೆ ಬರುವುದೇ ಇಲ್ಲ. ಯುಎಫ್‌ಡಬ್ಲ್ಯೂ ಸ್ಟೇಟಸ್‌ನಲ್ಲಿ 3306ರ ಹೆಸರೇ ಇರುವುದಿಲ್ಲ, ಆದರೂ ಹೊರಗಿನವರಿಗೆ ಅದು ತೆರೆದಿರುತ್ತದೆ. 127.0.0.1:3306:3306 ಅಂತ ಬರೆ, ಒಳಗೇ ಉಳಿಯುತ್ತದೆ.

ಪ್ರಶ್ನೆ: ಯಾದಗಿರಿ ಜಿಲ್ಲೆ ಶಹಾಪುರದ ಹತ್ತಿರ ನಮ್ಮ ಹತ್ತಿ ಗೋದಾಮು ಇದೆ. ಸಿಸಿಟಿವಿ ಹಾಕಿಸಿದ್ದೇವೆ. ಮನೆಯಿಂದ ನೋಡಲಿಕ್ಕೆ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದದ್ದನ್ನು ಸಿಸಿಟಿವಿ ಕಡೆ ಕಳಿಸುವುದು) ಮಾಡಿದರೂ ಬರುತ್ತಿಲ್ಲ. ಫೈರ್‌ವಾಲ್ ಪೂರ್ತಿ ತೆಗೆಯಿರಿ ಅನ್ನುತ್ತಾರೆ.

ಉತ್ತರ: ತೆಗೆದರೂ ಬರದಿರಬಹುದು. ರೂಟರ್ ಪುಟದಲ್ಲಿ ವ್ಯಾನ್ ಐಪಿ (ರೂಟರ್‌ನ ಹೊರಗಡೆಯ ವಿಳಾಸ) ಅಂತ ಇರುತ್ತದೆ, ನೋಡಿ. ಅದು 100.64ರಿಂದ 100.127ರೊಳಗೆ ಶುರುವಾಗುತ್ತಿದ್ದರೆ ಇಂಟರ್ನೆಟ್ ಕೊಟ್ಟ ಕಂಪನಿ ಒಂದೇ ಹೊರ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಿದೆ ಅಂತ ಅರ್ಥ. ಹೊರಗಿನಿಂದ ಬರುವುದು ಕಂಪನಿಯ ಹತ್ತಿರವೇ ನಿಂತುಬಿಡುತ್ತದೆ, ನಿಮ್ಮ ರೂಟರ್‌ವರೆಗೆ ಬರುವುದೇ ಇಲ್ಲ. ಫೈರ್‌ವಾಲ್‌ದು ಏನೂ ತಪ್ಪಿಲ್ಲ.

ನಿಜ ಹೇಳಬೇಕೆಂದರೆ ಹಾಗೆ ಇರುವುದೇ ನಿಮಗೆ ಕ್ಷೇಮ. ಕ್ಯಾಮೆರಾ, ಅದರ ದೃಶ್ಯ ಉಳಿಸುವ ಡಿವಿಆರ್‌ಗಳನ್ನು ನೇರ ಇಂಟರ್ನೆಟ್‌ಗೆ ಇಡುವುದನ್ನು ನಾನು ಯಾರಿಗೂ ಹೇಳುವುದಿಲ್ಲ. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಟೆಲ್ನೆಟ್ (ಹಳೆಯ ಕಾಲದ ದೂರದ ಲಾಗಿನ್) ಪೋರ್ಟ್ ತೆರೆದಿದ್ದ, ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ಡಿವಿಆರ್, ರೂಟರ್‌ಗಳನ್ನು ಹುಡುಕಿ ಹಿಡಿದು ದೊಡ್ಡ ದೊಡ್ಡ ಸೈಟ್‌ಗಳ ಮೇಲೆ ದಾಳಿಗೆ ಬಳಸಿತು. ಮಾಲೀಕರಿಗೆ ಗೊತ್ತೇ ಆಗಿರಲಿಲ್ಲ. ಎರಡು ದಾರಿ ಇವೆ. ಡಿವಿಆರ್ ಕಂಪನಿಯ ಆ್ಯಪ್ ಬಳಸಿ, ಅದರಲ್ಲಿ ಡಿವಿಆರ್ ತಾನೇ ಹೊರಗೆ ಹೋಗಿ ಸಂಪರ್ಕ ಮಾಡುತ್ತದೆ, ರೂಲ್ ಬೇಡ. ಇಲ್ಲವೇ ಇಂಟರ್ನೆಟ್ ಕಂಪನಿಗೆ ದುಡ್ಡು ಕಟ್ಟಿ ಸ್ಟ್ಯಾಟಿಕ್ ಐಪಿ (ನಿಮ್ಮದೇ ಆದ, ಬದಲಾಗದ ಹೊರ ವಿಳಾಸ) ತೆಗೆದುಕೊಂಡು ರೂಟರ್‌ನಲ್ಲಿ ವೈರ್‌ಗಾರ್ಡ್ ವಿಪಿಎನ್ (ಹೊರಗಿನಿಂದ ಒಳ ನೆಟ್‌ವರ್ಕ್‌ಗೆ ಗುಪ್ತ ದಾರಿ) ಹಾಕಿಸಿ, ಯುಡಿಪಿ 51820 ಒಂದನ್ನೇ ಬಿಡಿ. ಮೊಬೈಲ್‌ನಲ್ಲಿ ವಿಪಿಎನ್ ಆನ್ ಮಾಡಿದರೆ ಗೋದಾಮಿನಲ್ಲೇ ಕೂತು ನೋಡಿದಂತೆ ಕಾಣುತ್ತದೆ. ಯಾವ ದಾರಿ ಆದರೂ ಡಿವಿಆರ್‌ನ ಪಾಸ್‌ವರ್ಡ್ ಮೊದಲು ಬದಲಾಯಿಸಿ, ಈಗಾಗಲೇ ಹಾಕಿರುವ ಪೋರ್ಟ್ ಫಾರ್ವರ್ಡ್ ತೆಗೆಯಿರಿ.

ಪ್ರಶ್ನೆ: ಸೇಡಂನ ಕಾಲೇಜೊಂದರ ಲ್ಯಾಬ್ ನೋಡಿಕೊಳ್ಳುತ್ತೇನೆ. ಹೊರಹೋಗುವುದನ್ನೂ ಕಟ್ಟಬೇಕು ಅಂತ ಮೇಲಿನವರು ಹೇಳಿದರು, 80 ಮತ್ತು 443 ಮಾತ್ರ ಬಿಟ್ಟೆ. ಈಗ ಯಾವ ಸೈಟೂ ತೆರೆಯುತ್ತಿಲ್ಲ.

ಉತ್ತರ: 53 ಬಿಟ್ಟಿಲ್ಲ, ಅದಕ್ಕೆ. ಸೈಟಿನ ಹೆಸರನ್ನು ಐಪಿ ಮಾಡಿಕೊಡುವ ಡಿಎನ್‌ಎಸ್ ನಡೆಯುವುದು 53ರಲ್ಲಿ, ಅದೇ ಇಲ್ಲದಿದ್ದರೆ ಬ್ರೌಸರ್‌ಗೆ ಎಲ್ಲಿಗೆ ಹೋಗಬೇಕೆಂದೇ ತಿಳಿಯುವುದಿಲ್ಲ. ಯುಡಿಪಿ, ಟಿಸಿಪಿ ಎರಡರಲ್ಲೂ ಬಿಡಿ. ಉತ್ತರ ದೊಡ್ಡದಾದರೆ ಡಿಎನ್‌ಎಸ್ ಟಿಸಿಪಿಗೆ ಹೋಗುತ್ತದೆ, ಯುಡಿಪಿ ಒಂದನ್ನೇ ಬಿಟ್ಟ ಕಡೆ ಕೆಲವು ಸೈಟ್ ಬಂದು ಕೆಲವು ಬಾರದೆ ತಲೆ ಕೆಡುತ್ತದೆ. ಎಲ್ಲಾ ಕಡೆಗೂ ಬೇಡ, ನೀವು ಬಳಸುವ ಡಿಎನ್‌ಎಸ್ ಸರ್ವರ್‌ಗೆ ಮಾತ್ರ ಸಾಕು. ಗಡಿಯಾರ ಸರಿ ಇರಲು ಯುಡಿಪಿ 123 ಬಿಡಿ. ಗಡಿಯಾರ ತಪ್ಪಿದರೆ ಸರ್ಟಿಫಿಕೇಟ್ ತಪ್ಪು ಅಂತ ಬ್ರೌಸರ್ ಸೈಟನ್ನೇ ತೆರೆಯಗೊಡುವುದಿಲ್ಲ. ಮೇಲ್ ಸಾಫ್ಟ್‌ವೇರ್ ಬಳಸುವವರಿದ್ದರೆ ಕಳಿಸಲು 587 ಅಥವಾ 465, ತೆಗೆಯಲು 993. ಹೊರಹೋಗುವ 25 ಮುಚ್ಚೇ ಇರಲಿ, ಲ್ಯಾಬಿನ ಯಾವುದಾದರೂ ಕಂಪ್ಯೂಟರ್‌ಗೆ ವೈರಸ್ ಬಂದರೆ ಸ್ಪ್ಯಾಮ್ ಕಳಿಸುವುದು ಅಲ್ಲಿಂದಲೇ. ಪಿಂಗ್ ಅಪಾಯ ಅಂತ ಐಸಿಎಂಪಿ (ಪಿಂಗ್ ಮತ್ತು ನೆಟ್‌ವರ್ಕ್‌ನ ತಪ್ಪಿನ ಸುದ್ದಿ ಸಾಗುವ ದಾರಿ) ಪೂರ್ತಿ ಕಟ್ಟಬೇಡಿ, ಐಪಿವಿ6 (ಐಪಿ ವಿಳಾಸದ ಹೊಸ ಪದ್ಧತಿ) ಇರುವ ಕಡೆ ಅದಿಲ್ಲದೆ ನೆಟ್‌ವರ್ಕೇ ನಡೆಯುವುದಿಲ್ಲ.

ಪ್ರಶ್ನೆ: ರೂಲ್ ಹಾಕಿದ ಮೇಲೆ ಸರಿಯಾಯಿತಾ ಅಂತ ನೋಡುವುದು ಹೇಗೆ? (ಹುಮನಾಬಾದ್‌ನ ಓದುಗರು)

ಉತ್ತರ: ಅದೇ ಕಂಪ್ಯೂಟರ್‌ನಲ್ಲಿ ಕೂತು ನೋಡಿದರೆ ಉಪಯೋಗವಿಲ್ಲ, ಆ ದಾರಿ ಸಾಮಾನ್ಯವಾಗಿ ಫೈರ್‌ವಾಲ್ ಮೂಲಕ ಹಾದುಹೋಗುವುದೇ ಇಲ್ಲ. ಇಂಟರ್ನೆಟ್‌ಗೆ ಬಿಟ್ಟಿದ್ದಾದರೆ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ನೋಡಿ. ಲಿನಕ್ಸ್ ಸರ್ವರ್ ಆದರೆ ಬರುವ ತಪ್ಪಿನ ಮಾತನ್ನು ಗಮನಿಸಿ. 'ಕನೆಕ್ಷನ್ ರಿಫ್ಯೂಸ್ಡ್' ಅಂತ ತಕ್ಷಣ ಬಂದರೆ ಸಾಮಾನ್ಯವಾಗಿ ಫೈರ್‌ವಾಲ್ ಬಿಟ್ಟಿದೆ, ಒಳಗೆ ಆ ಸೇವೆಯೇ ಓಡುತ್ತಿಲ್ಲ, ಅಥವಾ 127.0.0.1ರಲ್ಲಿ ಮಾತ್ರ ಕೂತಿದೆ. ಬಹಳ ಹೊತ್ತು ಕಾಯಿಸಿ 'ಟೈಮ್ಡ್ ಔಟ್' ಅಂದರೆ ಸಾಮಾನ್ಯವಾಗಿ ದಾರಿಯಲ್ಲಿ ಯಾವುದೋ ಫೈರ್‌ವಾಲ್ ಸದ್ದಿಲ್ಲದೆ ನುಂಗಿದೆ. ರೆಡ್ ಹ್ಯಾಟ್ ಕುಟುಂಬದ ಸರ್ವರ್‌ಗಳಲ್ಲಿ ಫೈರ್‌ವಾಲ್‌ಡಿ ಅನ್ನುವ ಫೈರ್‌ವಾಲ್ ತಡೆದಾಗ 'ನೋ ರೂಟ್ ಟು ಹೋಸ್ಟ್' ಅಂತ ಬರುವುದುಂಟು, ಆಗ ಕೇಬಲ್ ಎಳೆದು ನೋಡಬೇಡಿ, ರೂಲ್ ನೋಡಿ. ಫೈರ್‌ವಾಲ್‌ಡಿಯಲ್ಲಿ 'ಪರ್ಮನೆಂಟ್' ಅಂತ ಹಾಕಿದ ರೂಲ್ 'ರಿಲೋಡ್' ಮಾಡುವವರೆಗೆ ಜಾರಿಗೆ ಬರುವುದಿಲ್ಲ, 'ಪರ್ಮನೆಂಟ್' ಇಲ್ಲದೆ ಹಾಕಿದ್ದು ಸರ್ವರ್ ಮತ್ತೆ ಶುರುವಾದಾಗ ಹೋಗಿಬಿಡುತ್ತದೆ. ವಿಂಡೋಸ್‌ನಲ್ಲಿ ಈ ಗುರುತುಗಳು ನಡೆಯುವುದಿಲ್ಲ, ಅದರ ಫೈರ್‌ವಾಲ್ ಆನ್ ಇದ್ದಾಗ ಯಾರೂ ಇಲ್ಲದ ಪೋರ್ಟಿಗೂ ಉತ್ತರ ಕೊಡದೆ ಸುಮ್ಮನಿರುತ್ತದೆ. ಅಲ್ಲಿ ಪಕ್ಕದ ಕಂಪ್ಯೂಟರ್‌ನ ಪವರ್‌ಶೆಲ್‌ನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿ) 'ಟೆಸ್ಟ್-ನೆಟ್‌ಕನೆಕ್ಷನ್' ಜೊತೆ ಐಪಿ ಮತ್ತು ಪೋರ್ಟ್ ನಂಬರು ಕೊಡಿ, ಕೊನೇ ಸಾಲಿನಲ್ಲಿ 'ಟ್ರೂ' ಬಂದರೆ ಪೋರ್ಟ್ ತೆರೆದಿದೆ.