ಸಂಪಾದಕರ ಉತ್ತರ: ಹನ್ನೆರಡು ಗಾಡಿ, ಒಂದು ಕೆಂಪು ದೀಪ

ಸಾಗರದ ಓದುಗರೊಬ್ಬರು ಎರಡು ಪುಟದ ಕಾಗದ ಬರೆದಿದ್ದಾರೆ. ಹೋದ ಸಂಚಿಕೆಯಲ್ಲಿ ನಾನು ಮಳೆಯಲ್ಲಿ ಒಬ್ಬನೇ ಯೆಜ್ಡಿ ಬೈಕ್ ಹತ್ತಿ ಹುಲಿಕಲ್ ಘಾಟಿ ಇಳಿದ ಕಥೆ ಹಾಕಿದ್ದೆನಲ್ಲ, ಅದು ಅವರಿಗೆ ಸರಿ ಬಂದಿಲ್ಲ. ತಲೆ ನರೆತವರೇ ಹೀಗೆ ಬರೆದರೆ ಹುಡುಗರು ಏನು ಕಲಿಯಬೇಕು ಅಂತ ಕೇಳಿದ್ದಾರೆ. ಅವರದ್ದು ಹನ್ನೆರಡು ಜನರ ಗುಂಪು. ತಿಂಗಳಿಗೊಂದು ಸವಾರಿ. ದಾರಿ ತೋರಿಸಲು ಮುಂದೊಬ್ಬ, ಎಲ್ಲರನ್ನೂ ಕಾಯಲು ಕೊನೆಗೊಬ್ಬ. ಒಂಟಿ ಸವಾರಿ ಅಂದರೆ ಬರೀ ಹುಂಬತನ ಎಂಬುದು ಅವರ ವಾದ. ಮುಂದಿನ ಭಾನುವಾರ ಆಗುಂಬೆಗೆ ನೀವೂ ಬನ್ನಿ ಅಂತ ಕರೆದೂ ಇದ್ದಾರೆ.

ಕಾಗದಕ್ಕೆ ಥ್ಯಾಂಕ್ಸ್, ಮಾರಾಯ್ರೇ. ಬೈಯುವುದಕ್ಕಾದರೂ ಪೆನ್ನು ಹಿಡಿದು ಎರಡು ಪುಟ ಬರೆಯುವವರು ಈಗ ಎಷ್ಟು ಜನ ಸಿಗುತ್ತಾರೆ? ನಿಮ್ಮ ಮಾತಲ್ಲಿ ಹುರುಳಿದೆ. ಸಿಗ್ನಲ್ ಇಲ್ಲದ ಕಡೆ ಬಿದ್ದು ಕಾಲು ಮುರಿದುಕೊಂಡರೆ ಜೊತೆಗೊಬ್ಬರು ಇರಬೇಕು. ಹೊಸದಾಗಿ ಕಲಿತವರು ಘಾಟಿಯಲ್ಲಿ ಒಬ್ಬರೇ ಹೋಗಬಾರದು. ಇಷ್ಟು ಒಪ್ಪಿದೆ. ಇನ್ನು ನನ್ನ ಸರದಿ.

ಮೊದಲು ಸ್ವಲ್ಪ ಲೆಕ್ಕ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಮುಂದಿನ ಗಾಡಿಗೂ ನಿಮಗೂ ಎರಡು ಸೆಕೆಂಡಾದರೂ ಅಂತರ ಬೇಕು, ಅಂದರೆ 22 ಮೀಟರ್. ಒದ್ದೆ ರಸ್ತೆಯಲ್ಲಿ ಅದರ ಎರಡರಷ್ಟು, 44. ಹನ್ನೆರಡು ಗಾಡಿಗಳ ನಡುವೆ ಹನ್ನೊಂದು ಅಂತರ. ಕೂಡಿಸಿದರೆ 484 ಮೀಟರ್, ಹೆಚ್ಚುಕಮ್ಮಿ ಅರ್ಧ ಕಿಲೋಮೀಟರ್! ಆಗುಂಬೆ ಘಾಟಿಯಲ್ಲಿರುವುದು 14 ಹೇರ್‌ಪಿನ್ ತಿರುವು. ನಿಮ್ಮ ಮುಂದಾಳು ಒಂದು ತಿರುವಿನಲ್ಲಿ, ಕಾಯುವವನು ಇನ್ನೆಲ್ಲೋ ಮೇಲೆ, ನಡುವೆ ಮಂಜು. ಯಾರು ಯಾರನ್ನು ಕಾಯುವುದು? ಅಂತರ ಇಟ್ಟರೆ ಗುಂಪಿಲ್ಲ, ಗುಂಪು ಬೇಕೆಂದರೆ ಅಂತರವಿಲ್ಲ.

ಅದಕ್ಕಿಂತ ಕಷ್ಟ ಕೊನೆಯವನದ್ದು. ಮುಂದಾಳು ತಿರುವು ದಾಟಿ ಎಕ್ಸಲೇಟರ್ ತಿರುಗಿಸುವಾಗ ಕೊನೆಯವನು ಇನ್ನೂ ಬ್ರೇಕ್ ಹಿಡಿದಿರುತ್ತಾನೆ. ತಿರುವು ದಾಟಿ ನೋಡಿದರೆ ಎದುರಿಗೆ ಯಾರೂ ಇಲ್ಲ. ಓಡಿಸಿಕೊಂಡು ಹೋಗಿ ಹಿಡಿಯಬೇಕು, ಹಿಡಿಯುವಷ್ಟರಲ್ಲಿ ಮತ್ತೆ ಬ್ರೇಕ್. ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ. ಮುಂದಿನವನು 40ರಲ್ಲಿ ಆರಾಮಾಗಿ ಹೋಗುತ್ತಿದ್ದರೂ ಹಿಂದಿನವನು ಆಗಾಗ 60 ಮುಟ್ಟುತ್ತಾನೆ. ಎಲ್ಲರನ್ನೂ ಕಾಯಲಿ ಅಂತ ಹಿಂದಿಟ್ಟವನೇ, ಪಾಪ, ಎಲ್ಲರಿಗಿಂತ ಜೋರಾಗಿ ಹೋಗುತ್ತಿರುತ್ತಾನೆ.

ಕಣ್ಣು ಹೋದ ಕಡೆ ಗಾಡಿ ಹೋಗುತ್ತದೆ ಅನ್ನುವುದು ನಿಮಗೆ ಗೊತ್ತು. ಗುಂಪಿನಲ್ಲಿ ಕಣ್ಣು ಎಲ್ಲಿರುತ್ತದೆ? ಮುಂದಿನ ಗಾಡಿಯ ಕೆಂಪು ದೀಪದ ಮೇಲೆ. ರಸ್ತೆ ಅಂಚಿನ ಪಾಚಿ, ಲಾರಿ ಚೆಲ್ಲಿಹೋದ ಡೀಸೆಲ್, ಕೊಳೆತ ಎಲೆ, ಇವೆಲ್ಲ ಕಾಣುವುದು ಚಕ್ರ ಜಾರಿದ ಮೇಲೆ. ನಾನೂ ಒಮ್ಮೆ ಒಂಬತ್ತು ಜನರ ಜೊತೆ ಬಿದನೂರು ನಗರದ ಮೇಲೆ ಕೊಲ್ಲೂರಿಗೆ ಹೋಗಿದ್ದೆ. ಆ ದಾರಿಯ ಒಂದು ಮರವೂ ನೆನಪಿಲ್ಲ. ಮುಂದಿದ್ದ ಗಾಡಿಯ ನಂಬರ್ ಮಾತ್ರ ಇವತ್ತು ಕೇಳಿದರೂ ಹೇಳುತ್ತೇನೆ.

ಅಷ್ಟಕ್ಕೂ ಒಬ್ಬನೇ ಹೋಗುವವನು ಒಂಟಿ ಅಂತ ನಿಮಗೆ ಯಾರು ಹೇಳಿದ್ದು? ನನ್ನ ಯೆಜ್ಡಿ ಮೈಸೂರಿನ ಮಗು. 1961ರಿಂದ 1996ರವರೆಗೆ ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ ನಡೆಯಿತು. ಕಿಕ್ಕರ್ರಿಗೂ ಗೇರಿಗೂ ಒಂದೇ ಲಿವರ್ ಇರುವ ಗಾಡಿ, ಪೆಟ್ರೋಲಿಗೆ ಆಯಿಲ್ ಬೆರೆಸಿ ಕುಡಿಸಬೇಕು. ಅಂಥ ಗಾಡಿ ಒಂದು ಆಷಾಢದ ದಿನ ಯಡೂರು ದಾಟಿ ಮಾಸ್ತಿಕಟ್ಟೆ ಕಡೆ ಹೋಗುವಾಗ ಎಕ್ಸಲೇಟರ್ ಕೇಬಲ್ ಕಡಿದುಕೊಂಡು ನಿಂತಿತು. ಮಳೆಯೋ ಮಳೆ. ತಳ್ಳಿಕೊಂಡು ಹೋಗಿ ಒಂದು ಮನೆಯ ಕೊಟ್ಟಿಗೆ ಮಾಡಿನಡಿ ನಿಲ್ಲಿಸಿದೆ. ಮನೆಯ ಹಿರಿಯರು ಅಡಿಕೆಗೆ ಹೊಡೆಯುವ ಕೊಳೆರೋಗದ ಔಷಧಿ ತಯಾರು ಮಾಡುತ್ತಿದ್ದರು. ನನ್ನನ್ನು ನೋಡಿ, "ಬನ್ನಿ, ಕೈಕಾಲು ತೊಳ್ಕೊಳ್ಳಿ, ಗಾಡಿ ಎಲ್ಲಿಗೂ ಓಡಲ್ಲ" ಅಂದರು. ಅದಂತೂ ನಿಜ.

ಕಾಫಿ ಬಂತು. ಮಳೆ ಹೊಳವಾಗುವವರೆಗೆ ನಾನೂ ಕೋಲು ಹಿಡಿದು ಡ್ರಮ್ ಕಲಕಿದೆ. 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕೆ.ಜಿ. ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಬೇಕು. ಹದ ಬಂತೋ ಇಲ್ಲವೋ ನೋಡಲು ಅವರು ಒಂದು ಕತ್ತಿಯನ್ನು ಅದರಲ್ಲಿ ಅದ್ದಿ ಎತ್ತಿದರು. ಅಲಗಿನ ಮೇಲೆ ತಾಮ್ರದ ಬಣ್ಣ ಕೂತಿತ್ತು. "ಸುಣ್ಣ ಸಾಲ್ದು" ಅಂದರು. ಇನ್ನಷ್ಟು ಸುಣ್ಣ ಹಾಕಿ ಮತ್ತೆ ಅದ್ದಿದರೆ ಕತ್ತಿ ಕತ್ತಿಯಾಗಿಯೇ ಇತ್ತು. ಆಮೇಲೆ ಅಟ್ಟದಿಂದ ಹಳೇ ಸೈಕಲ್ಲಿನ ಬ್ರೇಕ್ ಕೇಬಲ್ ತಂದು, ಇಕ್ಕಳದಲ್ಲಿ ಕಡಿದು, ಬಗ್ಗಿಸಿ, ಸಿಕ್ಕಿಸಿ ಕೊಟ್ಟರು. ಶಿವಮೊಗ್ಗದವರೆಗೆ ಅದೇ ಕೇಬಲ್ಲಿನಲ್ಲಿ ಬಂದೆ. ಇದೇ ನಾವು ಹನ್ನೆರಡು ಜನ ಇದ್ದಿದ್ದರೆ? ಹನ್ನೊಂದು ಜನ ನನ್ನ ಗಾಡಿ ಸುತ್ತ ನಿಂತು ಸಲಹೆ ಕೊಡುತ್ತಿದ್ದರು, ಯಾರದ್ದೋ ಬ್ಯಾಗಿನಲ್ಲಿ ಕೇಬಲ್ಲೂ ಸಿಗುತ್ತಿತ್ತು, ಹತ್ತು ನಿಮಿಷದಲ್ಲಿ ಹೊರಟುಬಿಡುತ್ತಿದ್ದೆವು. ಆ ಮನೆಯ ಬಾಗಿಲು ಯಾವ ದಿಕ್ಕಿಗಿದೆ ಅಂತಲೂ ನೋಡುತ್ತಿರಲಿಲ್ಲ.

ಗುಂಪಿನವರು ಹೋಟೆಲಿಗೆ ಬಂದಾಗ ಗಮನಿಸಿದ್ದೀರಾ? ನಾಲ್ಕು ಟೇಬಲ್ ಜೋಡಿಸಿ ಕೂರುತ್ತಾರೆ, ತಮ್ಮ ತಮ್ಮಲ್ಲೇ ಮಾತಾಡುತ್ತಾರೆ, ಫೋಟೋ ತೆಗೆಯುತ್ತಾರೆ, ಹೋಗುತ್ತಾರೆ. ನನ್ನ ಕಣ್ಣಿಗೆ ಅವರೇ ಒಂಟಿ.

ಶರಾವತಿ ಹಿನ್ನೀರು ದಾಟಿಸುತ್ತಿದ್ದ ಸಿಗಂದೂರಿನ ಲಾಂಚಿನ ಕಥೆಯೂ ಹಾಗೇ. ಈ ಕಡೆ ನಿಂತು ಕಾಯಬೇಕಿತ್ತು. ಒಬ್ಬನೇ ಇದ್ದರೆ ಪಕ್ಕದವರು ತಾವಾಗಿ ಮಾತಾಡಿಸುತ್ತಿದ್ದರು: ಯಾವೂರು, ಯಾರ ಪೈಕಿ, ಗಾಡಿ ಎಷ್ಟು ಕೊಡುತ್ತೆ. 2025ರ ಜುಲೈನಲ್ಲಿ ಅಲ್ಲಿ 2.44 ಕಿಲೋಮೀಟರ್ ಉದ್ದದ ಸೇತುವೆ ಓಡಾಟಕ್ಕೆ ತೆರೆಯಿತು. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಿಂದ ಆಚೆ ದಡದಲ್ಲೇ ಉಳಿದ ಜನ ಅರವತ್ತು ವರ್ಷ ಕಾದದ್ದು ಅದಕ್ಕೆ. ಅವರ ಕಷ್ಟದ ಎದುರು ನನ್ನ ಲಾಂಚ್ ಹರಟೆಗೆ ಬೆಲೆ ಇಲ್ಲ, ಬಿಡಿ. ಆದರೆ ಅದೇ ಸೇತುವೆ ಮೇಲೆ ಸೈಲೆನ್ಸರ್ ಬದಲಾಯಿಸಿದ ಇಪ್ಪತ್ತು ಗಾಡಿ ಸಾಲಾಗಿ ಡಬಡಬ ಅಂತ ಹೋಗುವಾಗ ಹೊಟ್ಟೆ ಉರಿಯುತ್ತದೆ. ಮಳೆಗಾಲದಲ್ಲಿ ಮಂಡಗದ್ದೆಯಲ್ಲಿ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟಿರುತ್ತವೆ, ತುಂಗೆಯ ನಡುವಿನ ಮರಗಳಲ್ಲಿ, ರಸ್ತೆಗೆ ಅಷ್ಟು ಹತ್ತಿರ. ಅಲ್ಲೂ ಅದೇ ಸದ್ದು. ಒಬ್ಬನೇ ಬಂದವನು ಅಲ್ಲಿ ಎಂಜಿನ್ ಆಫ್ ಮಾಡುತ್ತಾನೆ. ಹತ್ತು ಜನ ಬಂದರೆ ಯಾರು ಮೊದಲು ಆಫ್ ಮಾಡುವುದು?

ಬರೀ ಗಾಡಿಯ ಮಾತೂ ಅಲ್ಲ ಇದು. ಈಗ ಬೆಳಗಿನ ವಾಕಿಂಗಿಗೂ ಗುಂಪು ಬೇಕು, ಓದುವುದಕ್ಕೂ ಗುಂಪು ಬೇಕು. ನಾವು ಚಿಕ್ಕವರಿದ್ದಾಗ ಮಳೆಗಾಲದಲ್ಲಿ ಕಾಲುಸಂಕ ದಾಟಿ ಒಬ್ಬೊಬ್ಬರೇ ಶಾಲೆಗೆ ಹೋಗುತ್ತಿದ್ದೆವು. ಈಗಿನ ಮಕ್ಕಳು ಪಕ್ಕದ ಬೀದಿಯ ಅಂಗಡಿಗೂ ಒಬ್ಬರೇ ಹೋಗುವುದಿಲ್ಲ. (ಆ ಕಾಲುಸಂಕದಿಂದ ನಾನು ಎರಡು ಸಲ ಹಳ್ಳಕ್ಕೆ ಬಿದ್ದಿದ್ದೂ ನಿಜ.)

ಸಕ್ರೆಬೈಲಿನ ಆನೆ ಬಿಡಾರ ನಮ್ಮ ಶಿವಮೊಗ್ಗದಿಂದ ಹದಿನಾಲ್ಕು ಕಿಲೋಮೀಟರ್. ಅಲ್ಲಿ ನಿಂತಾಗೆಲ್ಲ ಕಾಡಾನೆಗಳ ಸಂಸಾರ ನೆನಪಾಗುತ್ತದೆ. ಹಿಂಡನ್ನು ನಡೆಸುವುದು ವಯಸ್ಸಾದ ಹೆಣ್ಣಾನೆ, ಪ್ರಾಯಕ್ಕೆ ಬಂದ ಗಂಡು ತಾನಾಗಿಯೇ ಹಿಂಡು ಬಿಟ್ಟು ಹೊರಡುತ್ತದೆ. ನಿಮ್ಮ ಕ್ಲಬ್ಬಿನಲ್ಲೂ ಮುಂದಾಳಾಗಿ ಒಬ್ಬ ಅಜ್ಜಿ ಇದ್ದಿದ್ದರೆ ನಾನು ಇವತ್ತೇ ಸೇರುತ್ತಿದ್ದೆ ನೋಡಿ.

ನಾನು ಗುಂಪಿಗೆ ಹೋಗುವುದೇ ಇಲ್ಲ ಅಂತಲ್ಲ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿಯವರು ಸೇರುವಲ್ಲಿಗೆ ಹೋಗಿದ್ದೇನೆ, ಹಳೇ ಗಾಡಿಗಳ ಹೊಗೆ ಕುಡಿದು ಖುಷಿಪಟ್ಟಿದ್ದೇನೆ. ಅದು ಜಾತ್ರೆ. ಜಾತ್ರೆಗೆ ಜನ ಬೇಕು. ಆದರೆ ಜಾತ್ರೆಗೆ ಹೋಗುವ ದಾರಿಯಲ್ಲಿ ನಾನೊಬ್ಬನೇ.

ಇನ್ನೊಂದು ಮಾತು. ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಹನ್ನೊಂದು ಸವಾರಿಗಳನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ, ಜೋಗ, ಕೊಡಚಾದ್ರಿ, ಕವಲೇದುರ್ಗ ಅಂತ ಬರೀ ಊರುಗಳ ಪಟ್ಟಿ. ಹನ್ನೆರಡನೆಯದಕ್ಕೆ ಅರ್ಧ ಪುಟ ಕೊಟ್ಟಿದ್ದೀರಿ. ಭಟ್ಕಳಕ್ಕೆ ಹೋಗುವಾಗ ಕಾರ್ಗಲ್ ಆದಮೇಲೆ ಗುಂಪು ತಪ್ಪಿಹೋಗಿ, ಕೋಗಾರಿನ ಹತ್ತಿರ ಒಂದು ಚಾ ಅಂಗಡಿಯಲ್ಲಿ ಒಂದು ಗಂಟೆ ಕೂತಿರಂತೆ. ಅಂಗಡಿಯವರ ಹೆಂಡತಿ ಹಲಸಿನ ಹಪ್ಪಳ ಸುಟ್ಟು ಕೊಟ್ಟರಂತೆ. ಆಮೇಲೆ ಅವರು ಕಾಡುಕೋಣದ ಕಥೆ ಶುರು ಮಾಡಿದರು ಅಂತ ಬರೆದು, ಅಷ್ಟರಲ್ಲಿ ನಮ್ಮವರು ಹುಡುಕಿಕೊಂಡು ಬಂದರು ಅಂತ ನಿಲ್ಲಿಸಿಬಿಟ್ಟಿದ್ದೀರಿ.

ಭಾನುವಾರ ಆಗುಂಬೆಗೆ ಬರುತ್ತೇನೆ, ನನ್ನ ಪಾಡಿಗೆ, ನಿಮಗಿಂತ ಮೊದಲು. ಕಾಫಿ ನನ್ನ ಲೆಕ್ಕದಲ್ಲಿ. ಅಷ್ಟರೊಳಗೆ ನೀವೊಬ್ಬರೇ ಒಂದು ದಿನ ಕೋಗಾರಿಗೆ ಹೋಗಿ ಆ ಕಾಡುಕೋಣಕ್ಕೆ ಆಮೇಲೆ ಏನಾಯಿತು ಅಂತ ಕೇಳಿಕೊಂಡು ಬನ್ನಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿರುತ್ತೇನೆ.